ಬಾವಡಿ ರಸ್ತೆಯ ಕಟ್ಟೆಗಳು

ಡೊಂಬಿವಲಿಯಲ್ಲಿ ಮರ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಬೆಳಗ್ಗೆ ಲೋಕಲ್ ಹಿಡಿಯುವ ಧಾವಂತ, ಸಂಜೆ ಇಳಿದ ಮೇಲೆ ಭಾಜಿ ಕೊಂಡು ಮನೆ ಸೇರುವ ಧಾವಂತ. ಹಾಗಾಗಿ ೨೦೦೩ರಲ್ಲಿ ಬಾವಡಿ ರಸ್ತೆಯನ್ನು ಅಗಲ ಮಾಡುವಾಗ ಎರಡೂ ಬದಿಯ ಹಳೆಯ ಮರಗಳನ್ನು ಕಡಿದು ಲಾರಿಗೆ ಹೇರಿದ್ದು ಬಹಳ ಜನರ ಅರಿವಿಗೆ ಬಂದದ್ದು ಮುಂದಿನ ಏಪ್ರಿಲ್‌ನಲ್ಲಿ, ನೆತ್ತಿ ಸುಡತೊಡಗಿದ ಮೇಲೆಯೇ. ಲೀಲಾಧರ ಕರ್ಕೇರರು ಮಾತ್ರ ಅದನ್ನು ಕಣ್ಣಾರೆ ಕಂಡರು. ಮೊಣಕಾಲು ನೋವೆಂದು ಅಂದು ರಜೆ ಹಾಕಿ ಎರಡನೇ ಮಾಳಿಗೆಯ ಬಾಲ್ಕನಿಯಲ್ಲಿ ಕೂತಿದ್ದರು.

ಲೀಲಾಧರರು ಕಾಪು ಕಡೆಯವರು. ಮೀಸೆ ಮೂಡುವ ಮೊದಲೇ ಠಾಣೆಗೆ ಬಂದು, ಹೊಟೇಲಿನಲ್ಲಿ ಕಪ್ಪು ತೊಳೆದು, ಟೇಬಲ್ ಒರೆಸಿ, ಕೊನೆಗೆ ಮಾಜಿವಾಡಾದ ಒಂದು ಸಸ್ಯಾಹಾರಿ ಹೊಟೇಲಿನಲ್ಲಿ ಕ್ಯಾಪ್ಟನ್ ಆದವರು. ಹೊಟೇಲಿನ ಕ್ಯಾಪ್ಟನ್ ಹಡಗು ನಡೆಸುವುದಿಲ್ಲ. ಯಾವ ಟೇಬಲಿಗೆ ನೀರು ಹೋಗಿಲ್ಲ, ಯಾವ ಗಿರಾಕಿ ಚಟ್ನಿಗೆ ಕಾಯುತ್ತಿದ್ದಾನೆ ಎಂದು ನಿಂತಲ್ಲೇ ಕಣ್ಣು ಹಾಯಿಸಿ ಹೇಳಬೇಕು, ಅಷ್ಟೇ ಕೆಲಸ. ಆ ಕಣ್ಣಿಗೆ ಅಂದು ಬುಡ ಸಮೇತ ಉರುಳುವ ಮರಗಳು ಕಂಡವು. ಅವರು ಬಾಲ್ಕನಿಯಿಂದ ಕೂಗಿದರು. ಗರಗಸದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

"ಅಲ್ಲಿ ನಿಂತು ಬೊಬ್ಬೆ ಹಾಕಿ ಎಂತ ಆಗ್ತದೆ? ಒಳಗೆ ಬನ್ನಿ, ಬಿ.ಪಿ. ಏರ್ತದೆ" ಎಂದರು ಹೆಂಡತಿ ಜಯಲತಾ.

"ನಾನು ಬದುಕಿರುವ ತನಕ ಈ ರಸ್ತೆಯಲ್ಲಿ ಇನ್ನೊಂದು ಮರ ಕಡಿಯಲಿಕ್ಕೆ ಬಿಡುವುದಿಲ್ಲ ಜಯಾ."

"ಕಡಿಯಲಿಕ್ಕೆ ಮರ ಎಲ್ಲಿ ಉಂಟು? ಮೊದಲು ನೆಡಿ ಮಾರಾಯ್ರೆ."

ಜಯಲತಾ ಮಾತು ಮುಗಿಸಲೆಂದು ಹೇಳಿದ್ದನ್ನು ಗಂಡ ಆಜ್ಞೆ ಎಂದೇ ತಿಳಿದರು. ಮಳೆಗಾಲ ಶುರುವಾಗುವ ಮೊದಲು ರಸ್ತೆಯ ಒಂದೊಂದು ಸೊಸೈಟಿಯ ಮೆಟ್ಟಿಲನ್ನೂ ನೋಯುವ ಮೊಣಕಾಲಿನಲ್ಲೇ ಹತ್ತಿ ಇಳಿದರು. ಹರುಕು ಮರಾಠಿ, ಹೊಟೇಲ್ ಹಿಂದಿ, ನಡುವೆ ತುಳು. ಜನ ಮೊದಲು ಚಂದಾ ಕೇಳಲು ಬಂದನೆಂದು ಬಾಗಿಲು ಅರ್ಧ ತೆರೆದರು. ಹಣ ಬೇಡ, ಆದಿತ್ಯವಾರ ಬೆಳಗ್ಗೆ ಕೈ ಕೊಡಿ ಸಾಕು ಎಂದಾಗ ಪೂರ್ತಿ ತೆರೆದರು. ಪಾಲಿಕೆಯ ನರ್ಸರಿಯವರು ಸೋನ್‌ಮೊಹರ್ ಸಸಿ ಕೊಟ್ಟರು, ಹಳದಿ ಹೂವಿನದ್ದು. ಲೀಲಾಧರರಿಗೆ ರೆಂಜೆ ಮರದ ಆಸೆಯಿತ್ತು. "ಕಾಕಾ, ಅದು ಬೆಳೆಯುವಷ್ಟರಲ್ಲಿ ನೀವಿರುವುದಿಲ್ಲ" ಎಂದು ನರ್ಸರಿಯವನು ನಕ್ಕ. ಅವಸರದ ಊರಿಗೆ ಅವಸರದ ಮರವೇ ಸರಿ ಎಂದು ಅವರೂ ಒಪ್ಪಿದರು.

ಸಸಿ ನೆಡುವುದು ಯಾವ ಮಹಾ ಕೆಲಸ, ಫೋಟೋ ತೆಗೆಯುವವನಿದ್ದರೆ ಯಾರು ಬೇಕಾದರೂ ನೆಡುತ್ತಾರೆ. ಬೇಸಗೆಯಲ್ಲಿ ಉಳಿಸುವುದು ಕಷ್ಟ. ಲೀಲಾಧರರು ರಸ್ತೆಯನ್ನು ಹೊಟೇಲಿನಂತೆ ನಡೆಸಿದರು. ಒಂದೊಂದು ಸಸಿಗೂ ಟೇಬಲಿನ ಹಾಗೆ ನಂಬರು. ಬೆಳಗ್ಗೆ ಹಾಲಿಗೆ ಹೋಗುವಾಗ ಎಡಬಲ ನೋಡುತ್ತಾ ನಡೆದು, "ಏಳಕ್ಕೆ ನೀರಿಲ್ಲ! ಹನ್ನೊಂದಕ್ಕೆ ಯಾರು?" ಎಂದು ಕೂಗಿದರೆ ಯಾವುದಾದರೂ ಕಿಟಕಿಯಿಂದ "ಆಲೋ ಅಣ್ಣಾ, ಆಲೋ", ಬಂದೆ ಬಂದೆ ಎಂಬ ಉತ್ತರ ಬರುತ್ತಿತ್ತು. ನಲ್ಲಿಯಲ್ಲಿ ನೀರು ಬಾರದ ದಿನಗಳಲ್ಲಿ ಹೆಂಗಸರು ಅಕ್ಕಿ ತೊಳೆದ ನೀರನ್ನು ಬಾಲ್ದಿಯಲ್ಲಿ ಕೆಳಗಿಳಿಸಿದರು. ಒಂದೇ ಮೆಟ್ಟಿಲಲ್ಲಿ ಹತ್ತು ವರ್ಷ ಮುಖ ನೋಡದವರು ಸಸಿಯ ಬುಡದಲ್ಲಿ ನಿಂತು ಮಾತಾಡತೊಡಗಿದರು. ಮರಾಠಿಯವರಿಗೂ ಅವರು ಲೀಲಣ್ಣ ಆದರು. ಮಗಳು ದಿಶಾ ಮಾತ್ರ, "ಪಪ್ಪಾ, ಆಪ್ ರೋಡ್ ಪೇ ಚಿಲ್ಲಾತೇ ಹೋ, ಶರಮ್ ಆತೀ ಹೈ", ನೀವು ರಸ್ತೆಯಲ್ಲಿ ಕೂಗಿದರೆ ನನಗೆ ನಾಚಿಕೆ, ಎಂದು ಮುಖ ಸಿಂಡರಿಸುತ್ತಿದ್ದಳು.

ಮೂರು ವರ್ಷದಲ್ಲಿ ಮರಗಳು ಆಳೆತ್ತರ ಮೀರಿದವು. ಆಗ ಹೊಸ ಚಿಂತೆ ಹತ್ತಿಕೊಂಡಿತು. ನೆಟ್ಟದ್ದಾಯಿತು, ಬೆಳೆದದ್ದಾಯಿತು, ನಾಳೆ ಮತ್ತೆ ಗರಗಸ ಬಂದರೆ? ನಮ್ಮ ಕರಾವಳಿಯವನಿಗೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ. ಕಟ್ಟೆ ಕಟ್ಟಬೇಕು. ಊರಲ್ಲಿ ಕಟ್ಟೆಯಿಲ್ಲದ ಮರ ಬರೀ ಸೌದೆ. ಕಟ್ಟೆ ಕಟ್ಟಿದ ದಿನದಿಂದ ಅದು ಹತ್ತು ಸಮಸ್ತರದ್ದು, ಅಂದರೆ ಊರವರೆಲ್ಲರದ್ದು, ಸ್ವಲ್ಪ ದೇವರದ್ದು ಕೂಡ. ಅದಕ್ಕೆ ಕೊಡಲಿ ಇಡಲು ಯಾವ ಗಂಡಸಿಗೂ ಧೈರ್ಯ ಬರುವುದಿಲ್ಲ. ಜಯಲತಾಗೂ ಇದು ಒಪ್ಪಿಗೆಯಾಯಿತು. "ನಮ್ಮ ಅಜ್ಜನ ಮನೆಯ ಕಟ್ಟೆಯ ಹಾಗೆ ದುಂಡಗೆ ಮಾಡ್ಸಿ" ಎಂದರು.

ಕಟ್ಟಿದವನು ಮಾಪಣ್ಣ. ಕಲಬುರಗಿ ಕಡೆಯ ಗೌಂಡಿ, ಹೆಂಡತಿ ಮರಗಮ್ಮನೊಂದಿಗೆ ರಸ್ತೆಯ ತುದಿಯ ಚಾಳಿನಲ್ಲಿದ್ದ. ಆಗ ಪಕ್ಕದಲ್ಲೇ ಒಬ್ಬ ಬಿಲ್ಡರನ ಟವರ್ ಏಳುತ್ತಿತ್ತು. ಸ್ಲ್ಯಾಬ್ ಹಾಕಿ ಉಳಿದ ಕಾಂಕ್ರೀಟನ್ನು ಗಾಡಿಯವರು ಎಲ್ಲಿ ಸುರಿಯಲಿ ಎಂದು ಜಾಗ ಹುಡುಕುತ್ತಿದ್ದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಮಾಪಣ್ಣ ಇಟ್ಟಿಗೆಯ ದುಂಡು ಗೋಡೆ ಎಬ್ಬಿಸಿದ. ನಡುವೆ ಮರದ ಕಾಂಡಕ್ಕೆ ಅಂಟುವ ತನಕ ಆ ಕಾಂಕ್ರೀಟು ತುಂಬಿ, ಮೇಲೆ ಸೊಸೈಟಿಯವರು ಕೊಟ್ಟ ಒಡಕು ಟೈಲ್ಸ್ ಹಾಸಿದ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ರಸ್ತೆಯ ಅಷ್ಟೂ ಮರಗಳಿಗೆ ಕಟ್ಟೆಯಾಯಿತು. ಉದ್ಘಾಟನೆಗೆ ಲೀಲಾಧರರು ಮನೆಯಲ್ಲೇ ಗೋಳಿಬಜೆ ಮಾಡಿಸಿ ಹಂಚಿದರು.

ಅಂದಿನ ಆ ಸಂತೋಷವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಯಾಕೆಂದರೆ ಅದು ಸುಳ್ಳು ಸಂತೋಷವೂ ಆಗಿರಲಿಲ್ಲ. ಕಟ್ಟೆ ಬಂದ ಮೇಲೆಯೇ ಬಾವಡಿ ರಸ್ತೆಗೆ ಜೀವ ಬಂದದ್ದು. ಮುದುಕರು ಕೂತರು, ಕೆಲಸ ಬಿಟ್ಟು ಬಂದವರು ಕೂತರು, ಗಂಡನ ಮೇಲೆ ಸಿಟ್ಟಾದ ಹೆಂಗಸರು ಸೊಪ್ಪು ಬಿಡಿಸುತ್ತಾ ಕೂತರು. ಸುತ್ತಲಿನ ಹೊಟೇಲುಗಳ ನಮ್ಮ ಕರಾವಳಿಯವರು ರಜೆಯ ದಿನ ಬಂದು ಬಾಯ್ತುಂಬಾ ತುಳು ಮಾತಾಡಿ ಹೋಗುತ್ತಿದ್ದರು. ಏಪ್ರಿಲ್ ಬಂತೆಂದರೆ ಎಲ್ಲರ ತಲೆಯ ಮೇಲೂ ಹಳದಿ ಹೂ ಉದುರುತ್ತಿತ್ತು.

ಮರಗಮ್ಮ ಕಟ್ಟಡದ ಕೆಲಸದಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಇನ್ನು ಬುಟ್ಟಿ ಹೊರುವಂತಿಲ್ಲ. ಲೀಲಾಧರರೇ ಅವಳನ್ನು ಹನ್ನೊಂದನೇ ಮರದ ಕಟ್ಟೆಯ ಮೇಲೆ ತಂದು ಕೂರಿಸಿದರು. "ಇಲ್ಲಿ ಕೂತು ಹೂ ಮಾರು ಮರಗಮ್ಮ. ಯಾರಾದರೂ ಎಬ್ಬಿಸಿದ್ರೆ ನನ್ನ ಹೆಸರು ಹೇಳು." ಅವಳು ಕೂತಳು. ಮೂಲೆಯಲ್ಲಿ ಒಂದು ಕಲ್ಲಿಟ್ಟು, ಕುಂಕುಮ ಹಚ್ಚಿ, ಯಲ್ಲಮ್ಮ ಎಂದಳು.

೨೦೧೦ರಲ್ಲಿ ಲೀಲಾಧರರು ಹೆದರಿದ್ದ ದಿನ ಬಂದೇ ಬಂತು. ಗಟಾರದ ಕೆಲಸಕ್ಕೆಂದು ಗುತ್ತಿಗೆದಾರನ ಮುಕಾದಮ್ ಆಳುಗಳೊಂದಿಗೆ ಬಂದು ಕಡಿಯಬೇಕಾದ ಮರಗಳಿಗೆ ಸುಣ್ಣದ ಗುರುತು ಹಾಕತೊಡಗಿದ. ಹನ್ನೊಂದರ ಹತ್ತಿರ ಬಂದವನು ಕುಂಕುಮದ ಕಲ್ಲನ್ನೂ ಅದರ ಪಕ್ಕ ಹೂ ಕಟ್ಟುತ್ತಾ ಕೂತ ಮರಗಮ್ಮನನ್ನೂ ನೋಡಿದ. ಸುಣ್ಣದ ಡಬ್ಬ ಕೆಳಗಿಟ್ಟ. ಚಪ್ಪಲಿ ಬಿಚ್ಚಿ ಕೈ ಮುಗಿದ. "ಹ್ಯಾಲಾ ಹಾತ್ ನಾಹೀ ಲಾವಣಾರ್" ಎಂದ, ಇದಕ್ಕೆ ಕೈ ಹಚ್ಚುವವನಲ್ಲ. ಗಟಾರ ರಸ್ತೆಯ ಕಡೆಗೆ ಸರಿಯಿತು. ಸಾಲಿನ ಒಂದು ಮರವೂ ಹೋಗಲಿಲ್ಲ. ಲೀಲಾಧರರು ಅಂದು ರಾಜನಂತೆ ನಡೆದರು. ನಡೆಯಲಿ ಬಿಡಿ, ಬಡವನಿಗೆ ಅಂಥ ದಿನ ಎಷ್ಟು ಬರುತ್ತವೆ?

ಇದನ್ನು ಕಂಡು ಉಳಿದ ಕಟ್ಟೆಗಳವರೂ ಸುಮ್ಮನಿರಲಿಲ್ಲ. ಒಂದಕ್ಕೆ ಸಾಯಿಬಾಬಾ ಬಂದರು, ಇನ್ನೊಂದಕ್ಕೆ ಗಣಪತಿ, ರಿಕ್ಷಾ ಸ್ಟ್ಯಾಂಡಿನ ಹತ್ತಿರ ಶನಿದೇವರು. ದೇವರಿಗೆ ನೆರಳು ಬೇಕೆಂದು ತಗಡು ಬಂತು, ತಗಡಿಗೆ ಮೊಳೆ ಹೊಡೆಯಲು ಮರ ಇದ್ದೇ ಇತ್ತು.

೨೦೧೪ರ ಏಪ್ರಿಲ್‌ನಲ್ಲಿ ಹೂ ಬಿಡಲಿಲ್ಲ. ಎಲ್ಲೋ ಒಂದೆರಡು ಗೊಂಚಲು ಬಿಟ್ಟರೆ ರಸ್ತೆ ಬರೀ ಧೂಳು. ಲೀಲಾಧರರು ಅಷ್ಟರಲ್ಲಿ ಹೊಟೇಲಿನಿಂದ ನಿವೃತ್ತರಾಗಿದ್ದರು, ನೋಡುವುದಕ್ಕೆ ದಿನವಿಡೀ ಸಮಯವಿತ್ತು. ಕೊಂಬೆಗಳ ತುದಿ ಒಣಗಿದ್ದು ಕಂಡಿತು. ಬಿಸಿಲು ಹೆಚ್ಚು ಎಂದುಕೊಂಡು ಬಾಲ್ದಿ ನೀರು ಹೊಯ್ದರು. ನೀರು ಟೈಲ್ಸಿನ ಮೇಲೆ ಹರಿದು ರಸ್ತೆಗೆ ಹೋಯಿತು. ಅದನ್ನು ನೋಡಿಯೂ ಅವರಿಗೆ ಹೊಳೆಯಲಿಲ್ಲ.

ಹೊಳೆಯಿಸಿದವನು ಕೆಳಗಿನ ಮಾಳಿಗೆಯ ಹೃಷೀಕೇಶ. ಕಲ್ಯಾಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮರಾಠಿ ಹುಡುಗ, ಆ ವರ್ಷ ತಾನೇ ಬಾಡಿಗೆಗೆ ಬಂದಿದ್ದ. ಹನ್ನೊಂದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಾಂಡ ಮತ್ತು ಕಾಂಕ್ರೀಟು ಸೇರುವಲ್ಲಿ ಬೀಗದ ಕೈ ಚುಚ್ಚಿದ. ಅದು ಸಲೀಸಾಗಿ ಒಳಗೆ ಹೋಯಿತು. ಕಪ್ಪು ಪುಡಿ ಉದುರಿತು.

"ಕಾಕಾ, ಝಾಡ ಗುದಮರ್ತಯ್" ಎಂದ. ಮರಕ್ಕೆ ಉಸಿರು ಕಟ್ಟುತ್ತಿದೆ. ಬೇರಿಗೆ ನೀರಿಲ್ಲ, ಗಾಳಿಯಿಲ್ಲ, ಕಾಂಡ ದಪ್ಪವಾಗಲು ಜಾಗವಿಲ್ಲ. ಬುಡ ಒಳಗಿಂದ ಕೊಳೆಯುತ್ತಿದೆ. ಈ ಮಳೆಗಾಲ ಹೇಗೋ ಕಳೆದೀತು. ಬರುವ ಮಳೆಗಾಲದೊಳಗೆ ಕಟ್ಟೆ ಒಡೆದು ಮಣ್ಣು ತೆರೆದರೆ ಕೆಲವಾದರೂ ಉಳಿಯಬಹುದು. "ಇದನ್ನು ಕಟ್ಟಿದ ಮೂರ್ಖ ಯಾರು?" ಎಂದೂ ಕೇಳಿದ, ಪಾಪ, ಗೊತ್ತಿಲ್ಲದೆ.

ಲೀಲಾಧರರು ಮೆಟ್ಟಿಲು ಹತ್ತಿದರು. ಜಯಲತಾಗೆ ಎಲ್ಲ ಹೇಳಿದರು. ಆಕೆ, "ಊರಿನ ಕಟ್ಟೆ ಕೆಂಪುಕಲ್ಲಿದ್ದಲ್ವಾ? ನಡುವೆ ಬರೀ ಮಣ್ಣು" ಎಂದರು. ಅಷ್ಟೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊರಿನ ಕಟ್ಟೆ ಮಳೆ ಕುಡಿಯುತ್ತಿತ್ತು, ಅದರ ಕಲ್ಲಿನ ಸಂದಿಯಲ್ಲಿ ಬೇರು ತೂರಿ ಹೊರಬರುತ್ತಿತ್ತು. ಅವರು ಊರಿನಿಂದ ಕಟ್ಟೆಯ ಆಕಾರ ತಂದಿದ್ದರು, ಮಣ್ಣನ್ನು ತಂದಿರಲಿಲ್ಲ.

ಮರುದಿನದಿಂದ ಮತ್ತೆ ಮೆಟ್ಟಿಲು. ಹತ್ತು ವರ್ಷದ ಹಿಂದೆ ಹತ್ತಿದ ಅದೇ ಮೆಟ್ಟಿಲುಗಳು, ಈಗ ಇನ್ನೂ ಕಡಿದಾಗಿದ್ದವು. ಕಟ್ಟೆ ಒಡೆಯಬೇಕು ಎಂದದ್ದೇ ತಡ, ಬಾಗಿಲುಗಳು ಅರ್ಧಕ್ಕೆ ಬಂದವು. ಮುದುಕರು ನಾವೆಲ್ಲಿ ಕೂರಬೇಕು ಎಂದರು. ರಿಕ್ಷಾದವರು ಶನಿಯನ್ನು ಎಬ್ಬಿಸಿ ಯಾರು ಬದುಕುತ್ತಾರೆ ಎಂದರು. ಒಬ್ಬ ಸೆಕ್ರೆಟರಿಯಂತೂ, "ಅಣ್ಣಾ, ಕಟ್ಟೆಗೆ ಕೈ ಹಚ್ಚಿದವರು ಉದ್ಧಾರ ಆಗುವುದಿಲ್ಲ ಅಂತ ನೀವೇ ತಾನೆ ಹೇಳಿದ್ದು?" ಎಂದು ಅವರ ಮಾತನ್ನು ಅವರ ಬಾಯಿಗೇ ತುರುಕಿದ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂಬ ಗಾದೆಯನ್ನು ಮಾಡಿದವನು ಇಂಥ ಯಾವುದೋ ರಸ್ತೆಯಲ್ಲಿ ವಾಸವಿದ್ದಿರಬೇಕು.

ಮಾಪಣ್ಣನಿಗೂ ಹೇಳಿದರು. ಅವನು ಬುಡದ ಕೊಳೆತವನ್ನು ಬೆರಳಿನಿಂದ ಮುಟ್ಟಿ ನೋಡಿದ. "ಒಡೀಬೇಕು ಖರೇ ಅದರಿ. ಆದ್ರ ಆಕಿ ಎಲ್ಲಿ ಕುಂದರಬೇಕ್ರಿ ಅಣ್ಣಾರ?" ಎಂದ. ಹೀಗೆ ಮಾತಿನಲ್ಲೇ ಆ ಮಳೆಗಾಲ ಹೋಯಿತು, ಚಳಿ ಹೋಯಿತು, ಏಪ್ರಿಲ್‌ನಲ್ಲಿ ಈ ಸಲ ಒಂದು ಹೂವೂ ಬಿಡಲಿಲ್ಲ.

೨೦೧೫ರ ಮೇ ಕೊನೆಯ ಆದಿತ್ಯವಾರ, ಇನ್ನು ಯಾರನ್ನೂ ಕೇಳುವುದಿಲ್ಲ ಎಂದು ಅವರೇ ಸುತ್ತಿಗೆ ಹಿಡಿದು ಇಳಿದರು. ಮರಗಮ್ಮನ ಕಟ್ಟೆಯೇ ಎಲ್ಲಕ್ಕಿಂತ ಕೆಟ್ಟಿತ್ತು, ಅಲ್ಲಿಂದಲೇ ಶುರು ಮಾಡಿದರು. ಮೊದಲ ಏಟಿಗೆ ಟೈಲ್ಸ್ ಒಡೆಯಿತು. ಎರಡನೆಯದಕ್ಕೆ ಗೋಡೆಯ ಅಂಚು ಬಿರಿಯಿತು. ಮೂರನೆಯದಕ್ಕೆ ಜನ ಸೇರಿದರು.

"ಲೀಲಣ್ಣನಿಗೆ ತಲೆ ಕೆಟ್ಟಿದೆ!" "ದೇವ್ ಕೋ ಹಾಥ್ ಮತ್ ಲಗಾವೋ!" ದೇವರನ್ನು ಮುಟ್ಟಬೇಡ ಎಂದು ಇನ್ನೊಬ್ಬ. ಹತ್ತು ವರ್ಷ ಅಣ್ಣಾ ಎಂದವರ ಬಾಯಲ್ಲಿ ಆ ದಿನ ಬಂದ ಬೈಗುಳಗಳನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಮೇಲೆ ಬಾಲ್ಕನಿಯಲ್ಲಿ ದಿಶಾ ಅಳುತ್ತಾ ನಿಂತಿದ್ದಳು. ಗುಂಪಿನ ಹಿಂದೆ ಮಾಪಣ್ಣ ಊಟದ ಡಬ್ಬಿ ಹಿಡಿದುಕೊಂಡು ನಿಂತಿದ್ದ.

ಮರಗಮ್ಮ ಸೊಂಟ ಎಳೆದುಕೊಂಡು ಬಂದು ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ನೀವೇ ಕುಂದರಿಸಿದ್ರಿ ಅಣ್ಣಾರ. ನೀವೇ ಎಬ್ಬಸ್ತೀರೇನ್ರಿ?"

"ಮರ ಬೀಳ್ತದೆ ಮರಗಮ್ಮ. ನಿನ್ನ ತಲೆ ಮೇಲೆಯೇ ಬೀಳ್ತದೆ. ಏಳು."

"ಅವ್ವ ಅದಾಳ್ರಿ. ಬಿದ್ರ ಆಕಿ ಹಿಡೀತಾಳ."

ಸುತ್ತಿಗೆ ಇನ್ನೂ ಅವರ ಕೈಯಲ್ಲಿ ಮೇಲೆಯೇ ಇತ್ತು. ಅವಳನ್ನು ನಾಲ್ಕು ಮಂದಿ ಹೆಂಗಸರಿಂದ ಎಬ್ಬಿಸಬಹುದಿತ್ತು. ಬೇರೊಂದು ಕಟ್ಟೆಗೆ ಹೋಗಬಹುದಿತ್ತು. ಅವರು ಸುತ್ತಿಗೆ ಇಳಿಸಿದರು, ಮನೆಗೆ ಹೋದರು. ಬಡ ಹೆಂಗಸಿನ ಹೊಟ್ಟೆಗೆ ಹೊಡೆಯಲು ಮನಸ್ಸು ಬರಲಿಲ್ಲ ಎಂದು ಜಯಲತಾಗೆ ಹೇಳಿದರು. ಆ ಸಂಜೆಯೇ ಯಾರೋ ಕಟ್ಟೆಯ ಬಿರುಕಿಗೆ ಸಿಮೆಂಟು ಮೆತ್ತಿದರು.

ಜುಲೈ ತಿಂಗಳ ಒಂದು ಮಧ್ಯಾಹ್ನ, ಎರಡು ದಿನದ ಮಳೆಯ ಮೇಲೆ ಗಾಳಿ ಬಂತು. ಅದೇನೂ ದೊಡ್ಡ ಗಾಳಿಯಲ್ಲ, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಹಾರುವಷ್ಟು. ಹನ್ನೊಂದನೇ ಮರ ಬುಡದಲ್ಲಿ ಮುರಿದು, ಕಟ್ಟೆಯನ್ನು ಹಾಗೆಯೇ ಬಿಟ್ಟು, ಅಡ್ಡ ಬಿತ್ತು. ಮರಗಮ್ಮ ಪ್ಲಾಸ್ಟಿಕ್ ಹಾಳೆ ಹೊದ್ದು ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಲೀಲಾಧರರು ಚಪ್ಪಲಿ ಇಲ್ಲದೆ ಇಳಿದು ಓಡಿದರು, ಹತ್ತಾರು ಜನ ಸೇರಿ ಕೊಂಬೆ ಎತ್ತಿದರು. ಆಸ್ಪತ್ರೆಗೆ ಒಯ್ಯುವ ಅಗತ್ಯ ಬರಲಿಲ್ಲ, ಮರಗಮ್ಮನ ಉಸಿರು ಆಗಲೇ ನಿಂತಿತ್ತು.

ವಾರದೊಳಗೆ ಪಾಲಿಕೆಯವರು ಬಂದು ಒಂದೊಂದೇ ಬುಡ ತಟ್ಟಿ ನೋಡಿದರು. ಎಲ್ಲವೂ ಟೊಳ್ಳು, ಎಲ್ಲವೂ ಅಪಾಯ. ಗರಗಸ ಬಂತು. ಈ ಸಲ ಬಾಲ್ಕನಿಯಿಂದ ಯಾರೂ ಕೂಗಲಿಲ್ಲ. ಲೀಲಾಧರರು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು, ಜಯಲತಾ ಟಿ.ವಿ. ಜೋರಾಗಿ ಹಾಕಿ ಪಕ್ಕದಲ್ಲಿ ಕೂತಿದ್ದರು. ಮರಗಳು ಹೋದವು. ಕಟ್ಟೆಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಅವು ದೇವರದ್ದು.

ರಸ್ತೆಯಲ್ಲಿ ಒಂದೇ ಮಾತು: ಲೀಲಾಧರ ಕಟ್ಟೆಗೆ ಸುತ್ತಿಗೆ ಎತ್ತಿದ, ದೇವಿ ಮುನಿದಳು, ಒಂದು ಜೀವ ತೆಗೆದುಕೊಂಡಳು. ಹಾಲಿನ ಅಂಗಡಿಯಲ್ಲಿ ಜನ ಅವರಿಗೆ ಜಾಗ ಬಿಟ್ಟು ಸರಿದು ನಿಲ್ಲತೊಡಗಿದರು. ಬಾವಡಿ ರಸ್ತೆಯಲ್ಲಿ ಅವರು ಮಾಡಿದ್ದರಲ್ಲಿ ಆ ಮೂರು ಏಟುಗಳಷ್ಟು ಸರಿಯಾದದ್ದು ಬೇರೊಂದಿಲ್ಲ, ಶಿಕ್ಷೆಯಾದದ್ದು ಅದಕ್ಕೇ. ಕಾಂಕ್ರೀಟಿನ ಹೆಸರನ್ನು ಯಾರೂ ಎತ್ತಲಿಲ್ಲ. ಹೃಷೀಕೇಶನೊಬ್ಬ ಹೇಳಬಹುದಿತ್ತು, ಅವನು ಮನೆ ಬದಲಿಸಿ ಬದಲಾಪುರಕ್ಕೆ ಹೋಗಿದ್ದ. ಲೀಲಾಧರರೂ ಹೇಳಲಿಲ್ಲ. ತಪ್ಪು ಕಾರಣಕ್ಕೆ ಬೈಸಿಕೊಳ್ಳುವುದರಲ್ಲಿ ಒಂದು ಅಡಗುವ ಜಾಗವಿತ್ತು. ಅದು ನಾಚಿಕೆಗೇಡು ಎಂದು ಗೊತ್ತಿದ್ದೇ ಅದರೊಳಗೆ ಸೇರಿಕೊಂಡರು.

ದೀಪಾವಳಿ ಕಳೆದ ಮೇಲೆ ಮಾಪಣ್ಣ ಮನೆಗೆ ಬಂದ. ಚಾಳಿನ ಖೋಲಿ ಬಿಟ್ಟು ಊರಿಗೆ ಹೊರಟಿದ್ದ. ಜಯಲತಾ ಕುರ್ಚಿ ಕೊಟ್ಟರೂ ಬಾಗಿಲ ಬಳಿ ನೆಲದ ಮೇಲೆಯೇ ಕೂತ. ಚಹಾ ಕುಡಿದ. ಲೀಲಾಧರರು ಅವನ ಮುಖ ನೋಡದೆ ಹೇಳಿದರು:

"ಜನ ಹೇಳುವುದು ಸುಳ್ಳು ಮಾಪಣ್ಣ. ದೇವಿ ಮುನಿದದ್ದಲ್ಲ. ಆ ಕಾಂಕ್ರೀಟು..."

"ನನಗ ಹೇಳ್ತೀರೇನ್ರಿ? ನನ್ನ ಕೈಲೇ ಸುರದೀನಿ" ಎಂದ ಮಾಪಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲಾರೂ ನೀವು ಸುತ್ತಿಗಿ ಎತ್ತಿದ್ದಕ್ಕ ಬೈತಾರ. ನಾ ಬ್ಯಾರೆ ಕೇಳಾಕ ಬಂದೀನಿ. ಊರಿಗಿ ಹೋಗೂಕಿಂತ ಮದಲ ಕೇಳಬೇಕಂತ. ಎತ್ತಿದ್ದನ್ನ ಇಳಿಸಿದ್ರಿ ಯಾಕ?"

ಮರಗಮ್ಮನ ಮೇಲಿನ ಕರುಣೆಯ ಮಾತು ಲೀಲಾಧರರ ನಾಲಿಗೆಯ ತುದಿಯ ತನಕ ಬಂತು. ಹೆಂಡತಿಗೆ ಹೇಳಿದ್ದು ಅದನ್ನೇ, ತನಗೆ ತಾನು ಹೇಳಿಕೊಂಡದ್ದೂ ಅದನ್ನೇ. ಆದರೆ ನೆಲದ ಮೇಲೆ ಕೂತ ಈ ಮನುಷ್ಯನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ.

"ಜನ ನೋಡ್ತಾ ಇದ್ರು" ಎಂದರು.

ಮಾಪಣ್ಣ ಖಾಲಿ ಕಪ್ಪನ್ನು ಗೋಡೆಯ ಬದಿಗೆ ಸರಿಸಿ, ಮೊಣಕಾಲಿಗೆ ಕೈಯೂರಿ ಎದ್ದ.

"ಹೌದ್ರಿ," ಎಂದ. "ಆ ಜನದಾಗ ನಾನೂ ಇದ್ನಿರಿ."